ಪಡಸಾಲೆಯ ಕೆಳಗಿನ ಹಗೇವು

ಯಲ್ಲವ್ವಾ, ನನಗೆ ಗೊತ್ತಿತ್ತು. ರೋಣದ ಮನೆಯನ್ನು ನಿನಗೆ ಮಾರಿದ ದಿನ, ಪಡಸಾಲೆಯ ಕೆಳಗೆ ಹಗೇವು ಇದೆ ಎಂಬುದೂ ಗೊತ್ತಿತ್ತು, ಅದು ನನ್ನದಲ್ಲ ಎಂಬುದೂ ಗೊತ್ತಿತ್ತು. ಗೊತ್ತಿಲ್ಲ ಎಂದದ್ದು ಸುಳ್ಳು. ಈ ಒಂದು ಮಾತು ಬಾಯಿಗೆ ಬರಲು ಇಷ್ಟು ವರ್ಷ ಹಿಡಿಯಿತು — ಅಷ್ಟೂ ವರ್ಷ ನಿನ್ನ ಮನೆಯ ಹೋಳಿಗೆ ಮಾತ್ರ ಸರಾಗವಾಗಿ ಗಂಟಲಲ್ಲಿ ಇಳಿಯಿತು.

ಮುಂದೊಂದು ದಿನ ನಿನ್ನ ಮಕ್ಕಳು ಇದನ್ನು ಓದಿದರೆ ಅವರಿಗೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಕೋಣೆಯಷ್ಟು. ಸುತ್ತ ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತಿದರೆ ಹುಳ ಮುಟ್ಟುವುದಿಲ್ಲ. ನನ್ನ ಮಾವನವರೂ ಅವರ ಅಣ್ಣನೂ ಪಾಲಾದಾಗ ಹಿರಿಯರು ಕೂತು ಒಂದು ಮಾತು ಹೇಳಿದರಂತೆ: "ಮನಿ ತಮ್ಮಗ, ಹಗೇವು ಅಣ್ಣಗ." ಅಣ್ಣ ಪಕ್ಕದಲ್ಲೇ ಬೇರೆ ಮನೆ ಕಟ್ಟಿಕೊಂಡರು. ಹಗೇವಿನ ಬಾಯಿ ನಮ್ಮ ಪಡಸಾಲೆಯಲ್ಲೇ ಉಳಿಯಿತು. ಸುಗ್ಗಿ ಮುಗಿದ ಮೇಲೆ ಅವರು ಜೋಳದ ಚೀಲ ಹೊತ್ತು ನಮ್ಮ ತಲೆಬಾಗಿಲಿನಿಂದಲೇ ಬರುವರು, ನಾವು ಹಾದಿ ಬಿಡಬೇಕು. ಇದು ಯಾವ ಕಾಗದದಲ್ಲೂ ಇರಲಿಲ್ಲ, ಆದರೆ ಮೀರಿದವರೂ ಇರಲಿಲ್ಲ.

ಆ ಅಣ್ಣನ ಸೊಸೆಯೇ ನಿನ್ನ ಪಕ್ಕದ ಮನೆಯ ದ್ಯಾಮಕ್ಕ, ನನ್ನ ನೆಗೆಣ್ಣಿ. ಪ್ರತಿ ವರ್ಷ ಹಗೇವು ತೆಗೆದಾಗ ಕಂದೀಲು ಇಳಿಸುವ ಕೆಲಸ ನನ್ನದು. ಒಳಗಿನ ಕೆಟ್ಟ ಗಾಳಿ ಹೋಗಿದೆಯೋ ಇಲ್ಲವೋ ಎಂದು ನೋಡಲು ಮೊದಲು ಕಂದೀಲು ಇಳಿಸಬೇಕು. ದೀಪ ಉಳಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಹಗ್ಗಕ್ಕೆ ಯಾವ ಗಂಟು ಹಾಕಬೇಕೆಂದು ಅತ್ತೆ ಕೈ ಹಿಡಿದು ಕಲಿಸಿದ್ದರು.

ಆಮೇಲೆ ದ್ಯಾಮಕ್ಕ ಹೊಲವನ್ನು ಲಾವಣಿಗೆ, ಎಂದರೆ ಗುತ್ತಿಗೆಗೆ, ಕೊಟ್ಟಳು, ಚೀಲ ಬರುವುದು ನಿಂತಿತು. ನಾವು ಪಡಸಾಲೆಗೆ ಫರಸಿ ಕಲ್ಲು ಹಾಕಿಸಿದೆವು, ಹಗೇವಿನ ಬಾಯಿ ಅದರ ಕೆಳಗೆ ಹೋಯಿತು. ನನ್ನ ಗಂಡ ತೀರಿದ ಮೇಲೆ ಗಜೇಂದ್ರಗಡದ ಮಗಳು ಬಾ ಬಾ ಎಂದಳು, ಮನೆ ಮಾರಲು ನಿಂತೆ. ಮೊದಲು ಬಂದ ಇಬ್ಬರಿಗೆ ಹಗೇವಿನ ವಿಷಯ ಹೇಳಿದೆ, ದೇವರಾಣೆ ಹೇಳಿದೆ. "ಯಾರರ ಬಂದು ನಮ್ಮ ಪಡಸಾಲಿ ಅಗದ್ರ ಏನ್ ಮಾಡೂದ್ರಿ?" ಎಂದು ಇಬ್ಬರೂ ಚಹಾ ಕುಡಿದು ಎದ್ದು ಹೋದರು. ಮೂರನೆಯವಳಾಗಿ ನೀನು ಬಂದೆ, ಗಂಡ ಹನಮಂತನ ಜೊತೆ. ನಿನಗೆ — ಹೇಳಲಿಲ್ಲ.

ಅಷ್ಟೇ ಅಲ್ಲ. ದ್ಯಾಮಕ್ಕ ಮಗಳ ಬಾಣಂತನಕ್ಕೆ ಶಿರೋಳಕ್ಕೆ ಹೋಗಿದ್ದ ಹೊತ್ತು ನೋಡಿಯೇ ಖರೀದಿ ಪತ್ರದ ಸಹಿ ಇಟ್ಟುಕೊಂಡೆ. ಇದನ್ನೂ ಸೇರಿಸಿಕೋ.

ನಿನ್ನ ವಕೀಲರು ಒಳ್ಳೆಯವರು. ಋಣಭಾರ ಪತ್ರ ತೆಗೆಸಿದ್ದರು. ಅದರಲ್ಲಿ ರಿಜಿಸ್ಟರ್ ಆದದ್ದು ಮಾತ್ರ ಬರುತ್ತದೆ, ಹಿರಿಯರು ಕಟ್ಟೆಯ ಮೇಲೆ ಕೂತು ಆಡಿದ ಮಾತು ಬರುವುದಿಲ್ಲ. ಅವರಿಗೂ ಅದು ಗೊತ್ತಿತ್ತು, ಅದಕ್ಕೇ ಕೇಳಿದರು: "ಪತ್ರ ಸ್ವಚ್ಛ ಐತ್ರಿ. ಆದ್ರೂ ಕೇಳ್ತೀನಿ. ಈ ಮನ್ಯಾಗ ಬ್ಯಾರೆಯವರದು ಏನರ ಹಕ್ಕು, ಬೋಜಾ ಐತೇನ್ರಿ?"

"ಏನೂ ಇಲ್ರಿ."

ಇಷ್ಟೇ ಹೇಳಿದ್ದು. ನಾಲಿಗೆ ತಡವರಿಸಲೂ ಇಲ್ಲ. ನೀನು ನನ್ನ ಕೈ ಹಿಡಿದು ನಕ್ಕೆ. "ಕಸ್ತೂರಕ್ಕಾ, ಗೋವಾದಾಗ ನಾವು ಕಟ್ಟಿದ ಮನಿಗೆ ಲೆಕ್ಕಿಲ್ಲ. ಮಲಗಿದ್ದು ಮಾತ್ರ ತಗಡಿನ ಶೆಡ್ಡಿನಾಗ" ಎಂದೆ. ಆಗಲಾದರೂ ಹೇಳಬಹುದಿತ್ತು. ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು.

ನಿನ್ನ ಗೃಹಪ್ರವೇಶದ ದಿನ ನೆನಪಿದೆಯಲ್ಲ? ಹೋಳಿಗೆಯ ವಾಸನೆ ಓಣಿಗೆಲ್ಲ ಹಬ್ಬಿತ್ತು. ನಾನು ಹೊಸ ಸೀರೆ ಉಟ್ಟು, ಮಗಳನ್ನು ಧಾರೆ ಎರೆದು ಕೊಟ್ಟವಳಂತೆ ಓಡಾಡುತ್ತಿದ್ದೆ. ಆಗ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತು. ಆ ವರ್ಷ ದ್ಯಾಮಕ್ಕ ಹೊಲವನ್ನು ತಾನೇ ಮಾಡಿದ್ದಳು, ಬೆಳೆಯೂ ಮನಸ್ಸು ತುಂಬುವಷ್ಟು ಬಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದವಳೇ, "ಫರಸಿ ಎಬ್ಬಿಸ್ರಿ, ಹಗೇವು ತಗೀಬೇಕು" ಎಂದಳು.

ಅವಳು ವಿಷಯ ಬಿಡಿಸಿ ಹೇಳಿದ ಮೇಲೆ ನಿನ್ನ ಮುಖ ಬಿಳಿಚಿತು. ನನ್ನ ಕಡೆ ತಿರುಗಿ, "ಕಸ್ತೂರಕ್ಕಾ, ಈ ಮನಿ ನಂದೋ ಅಲ್ಲೋ?" ಎಂದೆ. ನಾನು —

"ನನಗ ಗೊತ್ತ ಇರಲಿಲ್ಲವ್ವಾ."

ದ್ಯಾಮಕ್ಕ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ಸೆರಗಿಗೆ ಹೋಯಿತು. ಅವಳು ನಿನ್ನ ಕಡೆ ತಿರುಗಿ, "ಆಕಿಗೆ ಗೊತ್ತಿರಲಿಕ್ಕಿಲ್ಲ ಬಿಡ್ರಿ" ಎಂದಳು, ಒಂದೊಂದೇ ಮಾತು ಅಗಿದು.

ಊಟಕ್ಕೆ ಬಂದಿದ್ದ ವಕೀಲರನ್ನು ನೀನು ಕೇಳಿದೆ. ಅವರು ಕೈಯಲ್ಲಿ ಹೋಳಿಗೆ ಹಿಡಿದೇ, "ಕಾಗದದಾಗ ಇಲ್ಲ, ನೆಲದಾಗ ಐತಿ. ಕೋರ್ಟಿಗೆ ಹೋದ್ರ ಯಾರು ಗೆಲ್ತಾರ ನಾ ಹೇಳಂಗಿಲ್ಲ. ಅಷ್ಟರಾಗ ಜೋಳಕ್ಕಂತೂ ಹುಳ ಹತ್ತತಾವ" ಎಂದರು. ಯಾರೋ ಕಿಸಕ್ಕನೆ ನಕ್ಕರು. ನೀನು ನಗಲಿಲ್ಲ. ಫರಸಿಯ ಕಡೆ ಕೈ ತೋರಿಸಿ, "ದ್ಯಾಮಕ್ಕಾ, ಇದರಾಗ ಎಷ್ಟ ಹಿಡೀತದ?" ಎಂದು ಕೇಳಿದೆ.

"ಎರಡ ಮನಿದು ಹಿಡೀತದ."

"ಹಂಗಾದ್ರ ಹಾದಿ ನಾ ಕೊಡ್ತೀನಿ, ಜಾಗಾ ನೀವು ಕೊಡ್ರಿ. ಕೆಳಗ ನಿಮ್ಮ ಜೋಳ, ಮ್ಯಾಲ ನಮ್ಮ ಜೋಳ."

"ಅಂದ್ರ ಮ್ಯಾಲಿನ ಜೋಳ ಮೊದಲು ತಗಿಯಾಕಿ ನೀನ ಅನ್ನು. ಭಾಳ ಶಾಣ್ಯಾಕಿ ಅದಿ" ಎಂದು ದ್ಯಾಮಕ್ಕ ನಕ್ಕುಬಿಟ್ಟಳು. "ಆತು ತಗೋ, ವರ್ಷಕ್ಕೊಬ್ಬರು ಮ್ಯಾಲ."

ಹನಮಂತ ತಾನೇ ಫರಸಿ ಎಬ್ಬಿಸಿದ. ಬಂಡೆ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಎಲ್ಲರೂ ಊಟಕ್ಕೆ ಕೂತೆವು. ಊಟವಾದ ಮೇಲೆ ದ್ಯಾಮಕ್ಕ ಕಂದೀಲು ತಂದು ನನ್ನ ಕೈಗೇ ಕೊಟ್ಟಳು. ನಾನು ಹಗ್ಗ ಕಟ್ಟಿದೆ, ಅತ್ತೆ ಕಲಿಸಿದ ಗಂಟು ಹಾಕಿದೆ, ಗೋಡೆಗೆ ತಾಗದಂತೆ ತಳದವರೆಗೆ ಇಳಿಸಿದೆ. ಇಳಿಸಿ ಮುಗಿದ ಮೇಲೆ ಹೊಳೆಯಿತು, ಹಗೇವು ಇದೆಯೆಂದೇ ಗೊತ್ತಿಲ್ಲ ಎಂದವಳ ಕೈ ಇದು. ನಾಲಿಗೆ ಸುಳ್ಳು ಹೇಳಿತ್ತು, ಕೈಗೆ ಹೇಳಿಕೊಡಲು ಮರೆತಿದ್ದೆ.

ದೀಪ ಆರಲಿಲ್ಲ. ಹನಮಂತ ಇಳಿದ. ಒಳಗಿನಿಂದ ಅವನ ದನಿ ದೊಡ್ಡದಾಗಿ ಬಂತು: "ಯಲ್ಲೀ, ನಮ್ಮ ಮನಿ ಕೆಳಗ ಇನ್ನೊಂದು ಮನಿ ಐತಿ!" ನೀನು ಆಗ ನಕ್ಕೆ. ಅಂಥ ನಗು ಆ ಮನೆಯಲ್ಲಿ ನಾನು ಬಾಳಿದ ಕಾಲದಲ್ಲೂ ಕೇಳಿರಲಿಲ್ಲ. ನನಗೂ ಸಂತೋಷ ತಡೆಯಲಾಗಲಿಲ್ಲ, ಕಣ್ಣು ತುಂಬಿತು. ನನ್ನ ಸುಳ್ಳಿನಿಂದ ಇಷ್ಟು ಚಲೋ ಆಯಿತಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಅದೂ ಸುಳ್ಳೇ. ಚಲೋ ಆದದ್ದು ನಿಮ್ಮಿಬ್ಬರ ದೊಡ್ಡ ಮನಸ್ಸಿನಿಂದ. ನನ್ನಿಂದ ಆದದ್ದು ನಿನ್ನ ಮುಖ ಬಿಳಿಚಿದ್ದು ಮಾತ್ರ.

ಅಂದಿನಿಂದ ಹಗೇವು ತೆಗೆಯುವ ದಿನ ನಿನ್ನ ಮನೆಯಲ್ಲಿ ಹಬ್ಬ. ಎಣ್ಣೆಗಾಯಿ, ಮಾದಲಿ, ಎರಡೂ ಮನೆಯ ಮಕ್ಕಳ ಗದ್ದಲ. "ಮನಿ ಕೊಟ್ಟಾಕಿ ಬಂದ್ಲು" ಎಂದು ನನಗೆ ಮೊದಲ ಎಲೆ. ಬರುವಾಗ ಚೀಲದ ತುಂಬ ಜೋಳ. ನಾನೂ ನಾಚಿಕೆ ಬಿಟ್ಟು ತಂದೆ.

ಮೊನ್ನೆ ನೀನು ಫೋನ್ ಮಾಡಿದೆ. ಹಾದಿಯ ಹಕ್ಕು, ಹಗೇವಿನ ಪಾಲು ಎರಡನ್ನೂ ಕರಾರು ಮಾಡಿ ರಿಜಿಸ್ಟರ್ ಮಾಡಿಸುತ್ತೇವೆ, ನಾವು ಚಲೋ ಇದ್ದೇವೆ, ಮೊಮ್ಮಕ್ಕಳು ಹೇಗಿರುತ್ತಾರೋ ಎಂದೆ. ವಕೀಲರು ಬರೆದದ್ದನ್ನು ಓದಿ ಹೇಳಿದೆ. ಅದರಲ್ಲೊಂದು ಸಾಲು: ಹಿಂದಿನ ಮಾಲೀಕರಿಗೆ ಈ ಹಕ್ಕಿನ ಮಾಹಿತಿ ಇರಲಿಲ್ಲ. ಅದಕ್ಕೆ ನಾನೇ ಸಾಕ್ಷಿ ಸಹಿ ಹಾಕಬೇಕು. ನಾನು ಹೂಂ ಎಂದೆ. ಫೋನ್ ಇಟ್ಟ ಮೇಲೆ ರೊಟ್ಟಿ ಮುರಿಯಲು ಕೈ ಬರಲಿಲ್ಲ.

ದ್ಯಾಮಕ್ಕನಿಗೆ ಫೋನ್ ಹಚ್ಚಿ, ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ಗೃಹಪ್ರವೇಶದ ದಿನ ಮನಿ ಮಾರಿದಾಕಿನ ಸುಳ್ಳಿ ಅಂತ ತಿಳದಿದ್ರ, ಆ ಹುಡುಗಿ ಯಾವ ಗ್ವಾಡಿ ನಂಬಬೇಕಿತ್ತು? ನಿನ್ನ ಸುಳ್ಳು ನೀನ ಹೊತ್ಕೋ ಅಂತ ಬಿಟ್ಟೆ" ಎಂದಳು. ಆಮೇಲೆ ಮೆಲ್ಲಗೆ, "ಸಾಕಾತಿಲ್ಲೋ?" ಎಂದಳು.

ಸಾಕಾಯಿತು, ಯಲ್ಲವ್ವಾ. ನಾಳೆ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಮೊದಲು ಈ ಕಾಗದ ನಿನ್ನ ಕೈಗೆ. ಆಮೇಲೆ ಆ ಸಾಲು ಹೊಡೆದುಹಾಕಿಸಿ, ಗೊತ್ತಿತ್ತು ಎಂದು ಬರೆಸು, ಅದಕ್ಕೆ ಸಹಿ ಹಾಕುತ್ತೇನೆ. ಹನಮಂತ ಅಂದು ಕಂದೀಲು ಇಳಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದ, ನೀವಿಬ್ಬರೂ ಎಂದೋ ತಿಳಿದುಕೊಂಡಿದ್ದರೂ ಇರಬಹುದು. ಆದರೂ ನಾನು ಹೇಳಬೇಕಾದದ್ದು ನಾನೇ ಹೇಳಬೇಕು.

ಇಷ್ಟು ವರ್ಷ ನಿನ್ನ ಮನೆಗೆ ಕೇಳದೆ ನುಗ್ಗಿದೆ, ನನ್ನದೇ ಎನ್ನುವ ಹಾಗೆ. ನಾಳೆ ನೀನು ಓದಿ ಮುಗಿಸುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಒಳಗೆ ಬಾ ಎಂದರೆ ಬರುತ್ತೇನೆ.