ಹಾಸನದಲ್ಲಿದ್ದ ನಮ್ಮ ಬಚ್ಚಲುಮನೆ

ಹೋದ ವಾರ ಕುಶಾಲನಗರಕ್ಕೆ, ಚಿಕ್ಕಮ್ಮನ ಮಗಳು ಕಟ್ಟಿಸಿದ ಹೊಸ ಮನೆ ನೋಡಲು ಹೋಗಿದ್ದೆ. ಬೆಳಗ್ಗೆ ಸ್ನಾನಕ್ಕೆ ಇಳಿದವಳು, ಮೈಮೇಲೆ ಬಿಸಿನೀರು ಬಿದ್ದದ್ದೇ ತಡ, ಅಭ್ಯಾಸಬಲದಿಂದ ಸ್ವರ ಎತ್ತಿದೆ. ಹೊರಗಿನಿಂದ ಬಾಗಿಲು ದಬದಬ ಬಡಿದ ಸದ್ದು. "ಅಕ್ಕಾ, ಏನಾಯ್ತು? ಗೀಸರ್ ಶಾಕ್ ಹೊಡೀತಾ?" ಹಾಡುತ್ತಿದ್ದೇನೆ ಎಂದು ಒಳಗಿನಿಂದ ಕೂಗಿ ಹೇಳಬೇಕಾಗಿ ಬಂತು. ಹಾಡು ಎಂದು ಬಾಯಿಬಿಟ್ಟು ಹೇಳಿದ ಮೇಲೆ ಗುರುತು ಸಿಗುವ ಹಾಡು ಎಂಥದ್ದೆಂದು ನೀವೇ ಊಹಿಸಿ.

ನಗಬೇಡಿ. ಬಚ್ಚಲಲ್ಲಿ ಹಾಡುವುದು ನನಗೆ ಚಟವಲ್ಲ. ಒಂದು ಕಾಲಕ್ಕೆ ಅದು ಅಪ್ಪನ ಆಜ್ಞೆಯಾಗಿತ್ತು. ಆ ಆಜ್ಞೆಯ ಫಲವಾಗಿ ಒಂದು ಇಡೀ ಸಮಿತಿ ನಮ್ಮ ಬಚ್ಚಲುಮನೆಗೆ ಬಂದು ಕೂತಿತ್ತು.

ನಮ್ಮ ಮನೆ ಇರುವುದು ಶನಿವಾರಸಂತೆಯಿಂದ ಆಚೆ, ಕೊಡಗು ಮುಗಿಯುವ ಕಡೆ. ಮುಗಿಯುವ ಕಡೆ ಎಂದರೆ ನಿಜವಾಗಿಯೂ ನಮ್ಮ ಹಿತ್ತಿಲಲ್ಲೇ ಮುಗಿಯುತ್ತದೆ. ಕರಿಬೇವಿನ ಗಿಡದ ಪಕ್ಕ ಒಂದು ಗಡಿಕಲ್ಲಿದೆ. ಅದರ ಈಚೆ ಕೊಡಗು, ಆಚೆ ಹಾಸನ. ಜಗಲಿ, ನಡುಮನೆ, ಅಡುಗೆಮನೆ ಎಲ್ಲ ಈಚೆ. ಬಾವಿ ಮಾತ್ರ ಆಚೆ. ನೀರು ಹೊರುವುದೆಂದರೆ ಮೈಗಳ್ಳರಾಗಿದ್ದ ನಮ್ಮ ತಾತ ಬಚ್ಚಲುಮನೆಯನ್ನೂ ಬಾವಿಯ ಮಗ್ಗುಲಲ್ಲೇ ಕಟ್ಟಿಸಿಬಿಟ್ಟಿದ್ದರು. ಹೀಗೆ ಉಣ್ಣುವುದು, ಮಲಗುವುದು ಒಂದು ಜಿಲ್ಲೆಯಲ್ಲಿ, ಮೀಯುವುದು ಇನ್ನೊಂದು ಜಿಲ್ಲೆಯಲ್ಲಿ. ಅಜ್ಜಿ ಸಂಜೆ ಹಂಡೆಯ ಒಲೆಗೆ ಸೌದೆ ಒಟ್ಟಿ ಬಂದು, "ಹಾಸನದಲ್ಲಿ ನೀರು ಕಾದೈತೆ, ಯಾರು ಹೋಗ್ತೀರಿ?" ಎನ್ನುತ್ತಿದ್ದರು. ಮನೆಗೆ ಬಂದ ಹೊಸ ಅಳಿಯ ಒಬ್ಬರು ಇದನ್ನು ಕೇಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ್ದರಂತೆ.

ಅಪ್ಪನಿಗೆ ಸಂಗೀತದ ಮೇಲೆ ದ್ವೇಷವೇನೂ ಇರಲಿಲ್ಲ. ಶುಂಠಿ, ಕಾಫಿ, ಮೆಣಸು ಈ ಮೂರರಲ್ಲಿ ಯಾವುದಕ್ಕೂ ಅದರಿಂದ ಉಪಯೋಗವಿಲ್ಲ ಎಂಬುದಷ್ಟೇ ಅವರ ತಕರಾರು. ನಾನು ನಡುಮನೆಯಲ್ಲಿ ಕೂತು ಸರಳೆ ಶುರು ಮಾಡಿದರೆ, "ಹಾಡೋದಾದ್ರೆ ಹಾಸನಕ್ಕೋಗಿ ಹಾಡು" ಎಂದು ಗದರುತ್ತಿದ್ದರು. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಹೋದ ಮೇಲೆ ಗೊತ್ತಾಯಿತು, ಅದು ಶಿಕ್ಷೆಯಲ್ಲ, ವರ. ಹಳೆಯ ಕಲ್ಲುಗೋಡೆ, ತಾಮ್ರದ ಹಂಡೆ, ಹೆಂಚಿನ ಮಾಡು ಮೂರೂ ಸೇರಿ ನನ್ನ ದನಿಗೆ ಎಲ್ಲಿಂದಲೋ ಒಂದು ಘನತೆ ತಂದುಕೊಡುತ್ತಿದ್ದವು. ಹೊಗೆ ಕುಡಿದುಕೊಂಡು, ಸೀಗೆಪುಡಿಯ ಘಾಟಿಗೆ ಸೀನಿಕೊಂಡು ದಿನಾ ಹಾಡಿದೆ. ನನ್ನಂಥ ಕಂಠ ಈ ಸೀಮೆಯಲ್ಲೇ ಇಲ್ಲವೆಂಬ ನಂಬಿಕೆ ಬಲವಾಯಿತು.

ಆಗ ನಮ್ಮ ಪೇಟೆಯಲ್ಲಿ ವರ್ಷಕ್ಕೊಮ್ಮೆ ಹುಡುಗ ಹುಡುಗಿಯರಿಗಾಗಿ ಸಂಗೀತೋತ್ಸವ ನಡೆಯುತ್ತಿತ್ತು. ಹಾಡಲು ಯಾರು ಬೇಕಾದರೂ ಬರಬಹುದು. ಬಹುಮಾನಕ್ಕೆ ಮಾತ್ರ ಅರ್ಹತೆ ಬೇಕು, ಆ ಅರ್ಹತೆಗೆ ನಿಯಮಗಳು ಬೇಕು, ಒಂದೊಂದು ನಿಯಮದ ಹಿಂದೆಯೂ ಒಂದೊಂದು ಹಳೆಯ ಜಗಳ. ಮಗನ ಜೊತೆ ತಾಯಿಯೂ ಮುಂದಿನ ಸಾಲಿನಲ್ಲಿ ಕೂತು ತುಟಿ ಆಡಿಸಿದ್ದರಿಂದ, ಹೆತ್ತವರು ಹಿಂದೆಯೇ ಕೂರತಕ್ಕದ್ದು. ತೀರ್ಪುಗಾರರು ಯಾರಿಗೂ ನೆಂಟರಾಗಿರಬಾರದು. ನಮ್ಮ ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಆದ್ದರಿಂದ ದೂರದ ಬಿಟ್ಟಂಗಾಲದಿಂದ ಕರೆಸುತ್ತಿದ್ದರು. ಎರಡು ಸಲ ಗೆದ್ದವರು ಮತ್ತೆ ಸ್ಪರ್ಧಿಸುವಂತಿಲ್ಲ, ಬೇಕಾದರೆ ಪ್ರಾರ್ಥನೆ ಹಾಡಬಹುದು. ಹಾಗಾಗಿ ಪ್ರತಿ ವರ್ಷವೂ ಪ್ರಾರ್ಥನೆಯೇ ಎಲ್ಲಕ್ಕಿಂತ ಚೆನ್ನಾಗಿರುತ್ತಿತ್ತು, ಆಮೇಲೆ ಜನ ಎದ್ದು ಹೋಗುತ್ತಿದ್ದರು.

ಇದರ ಜೊತೆಗೆ ಒಂದು ವರ್ಷ ಹಾಸನದ ಕಡೆಯ ಹುಡುಗಿಯೊಬ್ಬಳು ಇಲ್ಲಿನ ಸೋದರತ್ತೆಯ ಮನೆಯ ವಿಳಾಸ ಕೊಟ್ಟು ಹಾಡಿ, ರೋಲಿಂಗ್ ಕಪ್ ಗೆದ್ದುಕೊಂಡು ಹೋದಳು. ಮರುವರ್ಷ ಕಪ್ಪೂ ವಾಪಸು ಬರಲಿಲ್ಲ, ಅವಳೂ ಬರಲಿಲ್ಲ. ಹೊಸ ಕಪ್ ತಂದ ಸಮಿತಿ ಹೊಸ ನಿಯಮವನ್ನೂ ತಂದಿತು. ಬಹುಮಾನಕ್ಕೆ ಅರ್ಹರಾಗಬೇಕಾದರೆ ಸ್ಪರ್ಧಿಯ ವಾಸಸ್ಥಳವೂ ಅಭ್ಯಾಸಸ್ಥಳವೂ ಸ್ಪರ್ಧೆಯ ದಿನಕ್ಕೆ ಕೊಡಗಿನೊಳಗೆ ಇರತಕ್ಕದ್ದು.

ಆ ವರ್ಷ ನನಗೆ ಪಿಯುಸಿ ಮುಗಿದಿತ್ತು. ವಯಸ್ಸಿನ ಮಿತಿಯ ಪ್ರಕಾರ ಅದೇ ನನ್ನ ಕೊನೆಯ ಅವಕಾಶ. ಮೈಸೂರಿಗೆ ಹೋಗಿ ಸಂಗೀತ ಕಲಿಯಬೇಕೆಂದು ಅಪ್ಪನ ಬೆನ್ನು ಬಿದ್ದಿದ್ದೆ. "ಫಸ್ಟ್ ಪ್ರೈಜ್ ಬಂದ್ರೆ ಮೈಸೂರು. ಬರ್ದಿದ್ರೆ ಬಿ.ಕಾಂ. ಬಾಯಿ ಮುಚ್ಕೊಂಡು ಸೇರ್ಬೇಕು" ಎಂದು ಅವರು ಒಪ್ಪಂದ ಮಾಡಿದರು. ನಾನು ಖುಷಿಯಿಂದ ಒಪ್ಪಿದೆ. ಕಪ್ ಇಡಲು ನಡುಮನೆಯಲ್ಲಿ ಜಾಗವನ್ನೂ ನೋಡಿಟ್ಟೆ.

ಅಷ್ಟರಲ್ಲಿ ಶನಿವಾರದ ಸಂತೆಯಲ್ಲಿ ಯಾರೋ ಪುಣ್ಯಾತ್ಮರು ಸಮಿತಿಯ ಕಿವಿಗೆ ಹಾಕಿದರು: ಆ ಹುಡುಗಿ ಹಾಡುವುದೆಲ್ಲ ಗಡಿಕಲ್ಲಿನ ಆಚೆ. ವಾರ ಕಳೆಯುವುದರೊಳಗೆ ಸ್ಥಳ ಪರಿಶೀಲನೆಗೆ ಇಬ್ಬರು ಬಂದರು. ಒಬ್ಬರು ಅಧ್ಯಕ್ಷ ಚಂದ್ರಣ್ಣ, ಬಟ್ಟೆ ಅಂಗಡಿಯವರು. ಇನ್ನೊಬ್ಬರು ಕಾರ್ಯದರ್ಶಿ, ಊರಿಗೆಲ್ಲ ಮೇಷ್ಟ್ರು.

ಚಂದ್ರಣ್ಣ ಮೊದಲು ಮೊಬೈಲಿನಲ್ಲಿ ನಕಾಶೆ ತೆಗೆದರು. ನೀಲಿ ಚುಕ್ಕಿ ಒಂದು ಗಳಿಗೆ ಕೊಡಗಿನಲ್ಲಿ ನಿಂತು, ಮರುಗಳಿಗೆ ಹಾಸನಕ್ಕೆ ಜಿಗಿದು, ಕೊನೆಗೆ ಬಾವಿಯೊಳಗೆ ಹೋಗಿ ಕೂತಿತು. ಅವರು ಮೊಬೈಲು ಜೇಬಿಗಿಟ್ಟು, ಅಂಗಡಿಯಿಂದ ತಂದಿದ್ದ ಮೀಟರ್ ಕಡ್ಡಿಯಿಂದ ಗಡಿಕಲ್ಲಿನಿಂದ ಬಚ್ಚಲಿನವರೆಗೆ ಅಳೆದರು. ಅಭ್ಯಾಸದಂತೆ ಕೊನೆಯಲ್ಲಿ ನಾಲ್ಕು ಬೆರಳು ಜಾಸ್ತಿಯೇ ಬಿಟ್ಟರು. ಬಚ್ಚಲು ಅಷ್ಟೂ ದೂರ ಹಾಸನದೊಳಗೇ ಹೋಯಿತು.

ಅಜ್ಜಿ ಬಿಡಲಿಲ್ಲ. "ಬಾಗ್ಲು ಈ ಕಡೀಕೆ ಐತೆ, ನೋಡಿ ಮೇಷ್ಟ್ರೇ. ಅವ್ಳು ಹಾಡಿದ್ದೆಲ್ಲ ಕೊಡಗಿಗೇ ಬರ್ತದೆ. ಹಾಸನದೋರಿಗೆ ಬರೀ ಗೋಡೆ."

"ಕಿಟಕಿ ಆ ಕಡೆಗಿದೆಯಲ್ಲಮ್ಮ."

"ಅದು ಹೊಗೆ ಹೋಗಾಕೆ."

ಕೊನೆಗೆ ನನ್ನನ್ನು ಒಳಗೆ ನಿಲ್ಲಿಸಿ ಹಾಡಿಸಿದರು. ಚಂದ್ರಣ್ಣ ಒಳಗೇ ಬಚ್ಚಲುಕಲ್ಲಿನ ಮೇಲೆ ಕೂತು ಪಂಚೆ ಒದ್ದೆ ಮಾಡಿಕೊಂಡರು. ಮೇಷ್ಟ್ರು ಗಡಿಕಲ್ಲಿನ ಎರಡೂ ಬದಿಗೆ ಒಂದೊಂದು ಕಾಲು ಇಟ್ಟು, ಕಣ್ಣುಮುಚ್ಚಿ ಕೇಳಿ, "ಎರಡು ಜಿಲ್ಲೆಗೂ ಕೇಳ್ತಾ ಇದೆ" ಎಂದು ವರದಿ ಒಪ್ಪಿಸಿದರು. ಮೇಷ್ಟ್ರು ಒಳ್ಳೆಯವರು. ಅಪ್ಪನನ್ನು ಪಕ್ಕಕ್ಕೆ ಕರೆದು, "ನೋಡಿ, ಮನೆಯೊಳಗೂ ಆಗಾಗ ಹಾಡ್ತಾಳೆ ಅಂತ ನೀವೊಂದು ಮಾತು ಹೇಳಿಬಿಡಿ, ಸಾಕು" ಎಂದರು.

ಎಲ್ಲರೂ ಅಪ್ಪನ ಮುಖ ನೋಡಿದೆವು. ಅಪ್ಪ ಎದೆ ಸೆಟೆಸಿ ನಿಂತರು. "ನನ್ನ ಮನೇಲಾ? ಇವತ್ತಿನ ತಂಕ ಒಂದು ಸ್ವರ ಎತ್ತಿಲ್ಲ. ಎತ್ತಕ್ಕೆ ಬಿಟ್ಟಿಲ್ಲ ನಾನು!"

ಅಜ್ಜಿ ಹಣೆ ಚಚ್ಚಿಕೊಂಡರು. ಸಮಿತಿ ಅಮ್ಮ ಸುಟ್ಟುಕೊಟ್ಟ ಅಕ್ಕಿರೊಟ್ಟಿ ತಿಂದು ತೀರ್ಪು ಹೇಳಿತು. ಹುಡುಗಿ ಕೊಡಗಿನವಳು, ಹಾಡು ಹಾಸನದ್ದು. ಹಾಡಬಹುದು, ಬಹುಮಾನವಿಲ್ಲ.

ನಾನು ಅತ್ತೆ. ಚೆನ್ನಾಗಿಯೇ ಅತ್ತೆ, ಅದೂ ನಡುಮನೆಯಲ್ಲೇ ಕೂತು. ಅಪ್ಪ ಆ ದಿನ ಗದರಲಿಲ್ಲ. ಅಜ್ಜಿ ಮಾತ್ರ ತಟ್ಟೆ ಇಡುತ್ತಾ, "ಹಾಸನಕ್ಕೋಗಿ ಹಾಡು ಅಂದೋನು ನೀನು. ಈಗ ಅವ್ರು ಹಾಸನದ್ದು ಅಂದ್ರೆ ತಪ್ಪು ಅವ್ರದೇನಪ್ಪ?" ಎಂದರು. ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.

ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ಹೆಂಚು ಒಡೆದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅಪ್ಪ ಬಚ್ಚಲಿನ ಮಾಡಿನ ಮೇಲೆ ಕೂತು ಹೆಂಚು ಇಳಿಸುತ್ತಿದ್ದಾರೆ. ಅಮ್ಮ ಕೆಳಗಿನಿಂದ, "ನಿಮ್ಗೇನು ತಲೆ ಕೆಟ್ಟೈತಾ? ಇವತ್ತು ಸ್ನಾನ ಎಲ್ಲಿ ಮಾಡೋದು?" ಎಂದು ಕೂಗಿದರು.

"ಕೊಡಗಲ್ಲಿ ಮಾಡಿ" ಎಂದರು ಅಪ್ಪ.

ಶುಂಠಿ ಕೆಲಸ ನಿಂತಿತು. ಶುಂಠಿ ಕೀಳಲು ಬಂದವರೇ ಹಂಡೆ ಹೊತ್ತು ತಂದರು. ಗಡಿಕಲ್ಲಿನ ಈಚೆ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡಂತೆ ಹೊಸ ಬಚ್ಚಲು ಏಳತೊಡಗಿತು. ಅದು ಏಳುವವರೆಗೆ ನಾವೆಲ್ಲ ಟಾರ್ಪಾಲಿನ ಮರೆಯಲ್ಲಿ, ಗಾಳಿ ಬೀಸಿದಾಗ ಅದರ ಅಂಚು ಹಿಡಿದುಕೊಂಡು ಮಿಂದೆವು. ಸಿಮೆಂಟು ಇನ್ನೂ ಹಸಿಯಾಗಿರುವಾಗಲೇ ಅಪ್ಪ ಪೇಟೆಗೆ ಹೋಗಿ, ಜೀವನದಲ್ಲಿ ಮೊದಲ ಸಲ ಆ ನಿಯಮಗಳನ್ನೆಲ್ಲ ಓದಿಸಿ ಕೇಳಿ, ಚಂದ್ರಣ್ಣನ ಅಂಗಡಿಯ ಕಟ್ಟೆ ಬಿಡದೆ ಕೂತರಂತೆ. "ಸ್ಪರ್ಧೆಯ ದಿನಕ್ಕೆ ಅಂತ ತಾನೇ ಇರೋದು? ಬನ್ನಿ, ಕಡ್ಡಿ ತಂದು ಅಳೀರಿ." ಸಮಿತಿಗೆ ದಾರಿಯಿರಲಿಲ್ಲ. ನಾನು ಅರ್ಹಳಾದೆ.

ಆದರೆ ಹೊಸ ಬಚ್ಚಲಲ್ಲಿ ಮೊದಲ ದಿನ ಬಾಯಿ ತೆರೆದಾಗಲೇ ಗೊತ್ತಾಯಿತು. ಆ ಘನತೆ ಇರಲಿಲ್ಲ. ಒದ್ದೆ ಸಿಮೆಂಟು ದನಿಯನ್ನು ನುಂಗಿಕೊಂಡು ಸುಮ್ಮನಾಯಿತು. ಇಷ್ಟು ವರ್ಷ ನಾನು ಹಾಡಿದ್ದೆನೆಂದುಕೊಂಡದ್ದರಲ್ಲಿ ಅರ್ಧವನ್ನು ಹಾಡಿದ್ದು ತಾತನ ಕಲ್ಲುಗೋಡೆ. ಆ ಸತ್ಯವನ್ನು ಯಾರಿಗೆ ಹೇಳುವುದು? ಅಪ್ಪನ ಕೈಯಲ್ಲಿ ಇನ್ನೂ ಗುಳ್ಳೆ ಆರಿರಲಿಲ್ಲ.

ಸ್ಪರ್ಧೆಯ ದಿನ ಹಾಡಿದೆ. ಮೊದಲನೆಯದು ಬರಲಿಲ್ಲ, ಎರಡನೆಯದು ಬರಲಿಲ್ಲ, ಮೂರನೆಯದೂ ಬರಲಿಲ್ಲ. ಸಮಾಧಾನಕರ ಬಹುಮಾನವನ್ನು ಕೂಡ ಬೇರೆ ಯಾರಿಗೋ ಕೊಟ್ಟು ಸಮಾಧಾನ ಮಾಡಿದರು. ಅಷ್ಟು ಪೂರ್ತಿ ಅರ್ಹತೆಯಿಟ್ಟುಕೊಂಡು ಅಷ್ಟು ಪೂರ್ತಿ ಬರಿಗೈಯಲ್ಲಿ ಬಂದವಳು ಆ ಉತ್ಸವದಲ್ಲಿ ನಾನೊಬ್ಬಳೇ ಇರಬೇಕು.

ಜೀಪಿನಲ್ಲಿ ವಾಪಸು ಬಂದೆವು. ಮನೆಯಂಗಳದಲ್ಲಿ ಇಳಿದ ಮೇಲೆ ನಾನೇ ಧೈರ್ಯ ಮಾಡಿ, "ಬಿ.ಕಾಂ. ಅರ್ಜಿ ತರ್ತೀನಪ್ಪ" ಎಂದೆ. ಮಾತು ಮಾತಾಗಿರಬೇಕಲ್ಲ.

ಅಪ್ಪ ಚಪ್ಪಲಿ ಬಿಡುತ್ತಾ ನನ್ನನ್ನು ನೋಡಿದರು. "ಮೈಸೂರಿಗೋಗು" ಎಂದರು.

"ಪ್ರೈಜ್ ಬರ್ಲಿಲ್ವಲ್ಲಪ್ಪ."

"ಬರ್ದಿದ್ರೆ ಬರ್ಲಿಲ್ಲ. ಬಿ.ಕಾಂ. ಮಾಡೋಳಿಗೋಸ್ಕರ ಯಾರಾದ್ರೂ ಬಚ್ಚಲುಮನೆ ಕೀಳ್ತಾರೇನವ್ವ?"

ನಾನು ಮೈಸೂರಿಗೆ ಹೋದೆ. ದೊಡ್ಡ ಗಾಯಕಿಯಾಗಲಿಲ್ಲ, ಸೋಮವಾರಪೇಟೆಯಲ್ಲಿ ಮಕ್ಕಳಿಗೆ ಸರಳೆ ಹೇಳಿಕೊಡುತ್ತಾ ಸುಖವಾಗಿದ್ದೇನೆ. ಹೋದ ವಾರ ಆ ಗೀಸರ್ ಪ್ರಕರಣ ಮುಗಿಸಿ, ತಲೆ ಒರೆಸಿಕೊಳ್ಳುತ್ತಾ ಮನೆಗೆ ಫೋನು ಮಾಡಿದೆ. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಅಮ್ಮ, "ನೀನೇ ಕೇಳು" ಎಂದು ಫೋನನ್ನು ಬಚ್ಚಲಿನ ಬಾಗಿಲಿಗೆ ಹಿಡಿದರು. ನೀರು ಸುರಿಯುವ ಸದ್ದಿನ ನಡುವೆ ಅಪ್ಪ ಹಾಡುತ್ತಿದ್ದರು. ಶ್ರುತಿ ಒಂದು ಜಿಲ್ಲೆಯಲ್ಲಿ, ತಾಳ ಇನ್ನೊಂದು ಜಿಲ್ಲೆಯಲ್ಲಿ. ಅದು ನಾನು ಬಚ್ಚಲಲ್ಲಿ ದಿನಾ ಹಾಡುತ್ತಿದ್ದ ಸರಳೆ. ಅಷ್ಟು ವರ್ಷ ಅವರು ಒಂದು ಸ್ವರ ಬಿಡದೆ ಕೇಳಿಸಿಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಆಗಲೇ.

"ಹೆಂಗೈತೆ?" ಎಂದರು ಅಮ್ಮ.

"ಬಹುಮಾನಕ್ಕೆ ಅರ್ಹರಲ್ಲ ಅಂತ ಹೇಳಮ್ಮ" ಎಂದೆ. "ಆದ್ರೆ ನಿಲ್ಲಿಸಬೇಡಿ ಅಂತಾನೂ ಹೇಳು."

ಅಮ್ಮ ಮೊದಲನೆಯದನ್ನು ಮಾತ್ರ ಹೇಳಿರಬೇಕು. ಒಳಗಿನಿಂದ ಹಾಡು ಇನ್ನೂ ಜೋರಾಯಿತು.