ರಾಯರಿಗೆ ದಾರಿ ತೋರಿಸುವ ಸ್ನಾನದಕ್ಕ

ಒಂದೂರಲ್ಲಿ ಒಂದು ನಾಯಿ ಇತ್ತಂತೆ. ರಾತ್ರಿ ಮಲಗುವಾಗ ಲೋಕವೆಲ್ಲ ಇದ್ದಲ್ಲೇ ಇತ್ತು. ಬೆಳಗ್ಗೆ ಕಣ್ಣು ಬಿಟ್ಟರೆ ಯಾರೋ ಲೋಕವನ್ನೇ ಮಡಚಿ ಎತ್ತಿಟ್ಟಿದ್ದರು. ಅಜ್ಜಿ ಹೇಳುವ ಕಥೆಯಾಗಿದ್ದರೆ ಈಗೊಬ್ಬ ಮಾಯಗಾರ ಬರಬೇಕಿತ್ತು. ಇಲ್ಲಿ ಬರುವವಳು ಸ್ನಾನದಕ್ಕ.

ಬೀದಿದೀಪ ಇನ್ನೂ ಆರಿಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುವ ಅಕ್ಕ ಕೆಲಸಕ್ಕೆ ಹೋಗುವ ಮುನ್ನ ದರ್ಜಿ ತಾತನ ಬಾಗಿಲು ತಟ್ಟುತ್ತಾಳೆ. ಸೋಪಿನ ನೀರಿಗೆ ಬಿರಿದ ಕೈ ಅದು. ತಾತನ ನಾಯಿಗೆ ನಡಿಗೆಯ ಗತ್ತಿನಿಂದಾಗಿ ‘ರಾಯರು’ ಎಂದೇ ಹೆಸರು. ಹೋದ ವಾರ ರಾಯರ ಎರಡೂ ಕಣ್ಣು ಇದ್ದಕ್ಕಿದ್ದಂತೆ ಹೋದವು. ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ರಾಯರು ಮೂಲೆ ಹಿಡಿದರು. ನೋಡಲಾಗದೆ ತಾತನ ಮಗಳು, ದಯಾಮರಣದ ಸೂಜಿಮದ್ದು ಕೊಡಿಸಿ ಕಳಿಸಿಬಿಡೋಣ ಎಂದಾಗ ಅಡ್ಡ ಬಂದವಳು ಅಕ್ಕ.

“ಭಾನುವಾರದವರೆಗೆ ತಡೀರಿ. ತಾನಾಗೇ ಎದ್ದು ತಾತನ ಹತ್ರ ಬರೋ ಹಾಗೆ ಮಾಡ್ತೀನಿ. ಮಾತು ಕೊಟ್ಟೆ.”

ಇವತ್ತು ಭಾನುವಾರ.

ಅಕ್ಕ ಬೆಳೆದದ್ದು ಬಟ್ಟೆ ಒಗೆಯುವವರ ಮನೆಯಲ್ಲಿ. ಸೋಪಿನ ಹಬೆ, ಗಾಳಿಗೆ ಉಬ್ಬುವ ಬಿಳಿ ಹಾಸುಗಳ ಸಾಲು, ಅದರ ನಡುವೆ ಒಂದು ಕುರುಡು ನಾಯಿ. ಅಜ್ಜಿಯ ಸೊಂಟದ ಬೀಗದಕೈ ಗೊಂಚಲು ಸದ್ದು ಮಾಡಿದತ್ತಲೇ ಅದರ ಹೆಜ್ಜೆ. “ಅಜ್ಜಿ ಎಲ್ಲಿ ಅಂತ ನಾವು ಮಕ್ಕಳು ಆ ಕುರುಡು ನಾಯಿನೇ ಕೇಳ್ತಿದ್ವಿ!” ಎಂದು ನಗುವಾಗ ಅಕ್ಕನ ದನಿ ಆ ಅಂಗಳಕ್ಕೇ ಹೋಗಿಬಿಡುತ್ತದೆ.

ಆಕೆ ಮೊದಲ ದಿನ ಬಂದಾಗ ತಾತನ ಕೋಣೆ ಬಯಲಾಗಿತ್ತು. ನಾಯಿಗೆ ತಾಗದಿರಲೆಂದು ಮಗಳು ಮೇಜು, ಹೊಲಿಗೆ ಯಂತ್ರ ಎಲ್ಲವನ್ನೂ ಮಹಡಿಗೆ ಸಾಗಿಸಿದ್ದಳು.

“ಪ್ರೀತಿಯಿಂದಲೇ ಮಾಡಿದ್ದೀಯ ಕಣಮ್ಮ. ಆದರೆ ಅದರ ಊರನ್ನೇ ಎತ್ತಿಬಿಟ್ಯಲ್ಲ! ಇನ್ನು ಎಲ್ಲಿಗೆ ಅಂತ ಹೋಗುತ್ತೆ?” ಎಂದಳು ಅಕ್ಕ.

ಎಲ್ಲವೂ ಕೆಳಗಿಳಿಯಿತು. ಯಂತ್ರದ ಕಾಲುಗಳು ನೆಲದ ಹಳೆಯ ಕುಳಿಗಳಲ್ಲೇ ಕೂತವು. ಮೆಟ್ಟಿಲ ಬಾಯಿಗೆ ಒರಟು ನಾರಿನ ಚಾಪೆ ಬಿತ್ತು, ಪಾದಕ್ಕೆ ಎಚ್ಚರಿಕೆಯಾಗಿ. ಮಾತಾಡಿಸದೆ ಯಾರೂ ಮುಟ್ಟಕೂಡದು ಎಂಬ ಕಟ್ಟಪ್ಪಣೆಯಾಯಿತು. ಆದರೂ ಅಕ್ಕ ಹಿಡಿದು ನಡೆಸಿದರೆ ನಡೆಯುವ ರಾಯರು, ಕೈಬಿಟ್ಟರೆ ಅಲ್ಲೇ ಕುಸಿಯುತ್ತಿದ್ದರು. ತಾತನಂತೂ ರಾಯರ ಕಣ್ಣು ಹೋದ ದಿನದಿಂದ ಯಂತ್ರ ಮುಟ್ಟಿರಲಿಲ್ಲ.

“ಇವತ್ತು ರಾಯರನ್ನ ಕರೀಬೇಡಿ ತಾತ, ಹೊಲೀರಿ.”

“ಏನು ಹೊಲೀಲಿ?”

“ಬೇಕಾದ್ರೆ ನನ್ನ ಬಾಯಿ ಹೊಲೀರಿ. ತುಳೀತಾ ಇರಿ ಅಷ್ಟೇ.”

ಯಂತ್ರ ಗೊಣಗಿ, ಕೆಮ್ಮಿ, ಹಳೆಯ ಲಯಕ್ಕೆ ಬರುತ್ತದೆ. ಮೂಲೆಯಲ್ಲಿ ಒಂದು ಕಿವಿ ನಿಮಿರುತ್ತದೆ. ರಾಯರು ಏಳುತ್ತಾರೆ. ಮಗಳು ಕೈ ಚಾಚುತ್ತಾಳೆ. ಅಕ್ಕ ಅವಳ ಸೆರಗು ಹಿಡಿದು ನಿಲ್ಲಿಸುತ್ತಾಳೆ. ರಾಯರ ಭುಜ ಮೇಜಿನ ಕಾಲಿಗೆ ತಾಗುತ್ತದೆ. ನಿಲ್ಲುತ್ತಾರೆ. ಮೂಸಿ, ಗುರುತು ಹಿಡಿದು, ಬಳಸಿ ಬರುತ್ತಾರೆ. ತುಳಿಯುತ್ತಿರುವ ಪಾದದ ಮೇಲೆ ಗದ್ದ ಊರುತ್ತಾರೆ.

ಯಂತ್ರ ನಿಲ್ಲುತ್ತದೆ. ತಾತ ಬಗ್ಗಿ ಕೇಳುತ್ತಾರೆ:

“ಎಲ್ಲಿ ಹೋಗಿದ್ರಿ ರಾಯರೇ, ಇಷ್ಟು ದಿನ?”