ಬಾರದ ಎಂಟನೆಯ ಹಲ್ಲು

ರಾಯದುರ್ಗದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೋದ ತಿಂಗಳು ದವಡೆ ನೋವೆಂದು ಅವಳ ಹತ್ತಿರ ಹೋದೆ. ಕುರ್ಚಿಯಲ್ಲಿ ನನ್ನನ್ನು ಮಲಗಿಸಿ, ಬಾಯೊಳಗೆ ದೀಪ ಬಿಟ್ಟು, ಪಕ್ಕದ ನರ್ಸಿಗೆ ಬರೀ ಅಂಕಿಗಳನ್ನು ಹೇಳತೊಡಗಿದಳು. ಇದೇನು ಕೂಗುತ್ತೀಯವ್ವ ಎಂದು ಕೇಳಿದೆ.

"ಹಲ್ಲಿಗೆ ನಂಬರು ಅಜ್ಜಿ. ಬಾಯಿನ ನಾಕು ಭಾಗ ಮಾಡ್ತೀವಿ. ಮ್ಯಾಲೆ ಎರಡು, ಕೆಳಗ ಎರಡು. ಒಂದೊಂದು ಭಾಗದಾಗ ಮುಂದಿಂದ ಹಿಂದಕ್ಕ ಎಂಟು ಹಲ್ಲು. ಮೊದಲಿನ ಎರಡು ಕಚ್ಚಾಕ, ಮೂರನೇದು ಕೋರೆ, ನಾಕು ಐದು ಸಣ್ಣ ದವಡೆ ಹಲ್ಲು, ಆರು ಏಳು ಎಂಟು ದೊಡ್ಡವು."

ಆಮೇಲೆ ದವಡೆಯ ಫೋಟೋ ತೆಗೆದು ನೋಡಿದಳು. "ನಿಮಗ ಎಂಟನೇದು ನಾಕೂ ಕಡೆ ಇಲ್ರಿ. ಎಲುಬಿನಾಗೂ ಇಲ್ಲ. ಹುಟ್ಟೇ ಇಲ್ಲ. ಕೆಲವರಿಗೆ ಹಂಗ, ರೋಗ ಅಲ್ಲ ಅದು" ಎಂದಳು.

ನಾನು ನಕ್ಕೆ. ಬಾಯಲ್ಲಿಟ್ಟ ಹತ್ತಿ ಹೊರಗೆ ಬಿತ್ತು, ಬೈಸಿಕೊಂಡೆ. ಆ ಹುಡುಗಿಗೇನು ಗೊತ್ತು! ಇಲ್ಲದ ಆ ಹಲ್ಲಿಗೆ ಕಾದು ನನ್ನ ಮದುವೆ ಎರಡು ವರ್ಷ ನಿಂತಿತ್ತು.

ನಾನು ಹುಟ್ಟಿದ್ದು ಮಡಕಶಿರಾದ ಕಡೆ, ಗುಡಿಬಂಡೆಗೆ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಎತ್ತಿನ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಮೂಗು ಹಿಡಿದು ಕೆಳತುಟಿ ಮಡಚಿ ನೋಡಿದನೆಂದರೆ ವಯಸ್ಸು ಹೇಳಿ ಮುಗಿಯಿತು, ಅದರ ಮೇಲೆ ಮಾತಿಲ್ಲ. ಎತ್ತಿಗೆ ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ, ಎಂಟೇ. ಕರುವಿನ ಹಾಲುಹಲ್ಲು ನಡುವಿನಿಂದ ಶುರುವಾಗಿ ಜೋಡಿ ಜೋಡಿಯಾಗಿ ಬಿದ್ದು ದೊಡ್ಡವು ಬರುತ್ತವೆ. ಎರಡಲ್ಲಿನದು, ನಾಲ್ಕಲ್ಲಿನದು, ಆರಲ್ಲಿನದು ಎಂದು ಕರೆಯುತ್ತಾರೆ. ಎಂಟೂ ಬಂದರೆ ಬಾಯಿಗೂಡಿತು. ಆಗಲೇ ಅದು ಪೂರ್ತಿ ದುಡಿಮೆಗೆ ತಯಾರು.

ಮನೆಯಲ್ಲೂ ಅವನಿಗೆ ಅದೇ ಕಣ್ಣು. ನಮ್ಮ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ. ನನ್ನ ಕೆಳಗಿನ ನಡುವಿನ ಹಲ್ಲು ಬಿದ್ದಾಗ ಅವ್ವ ಅದನ್ನು ಸಗಣಿಯಲ್ಲಿ ಉಂಡೆ ಮಾಡಿ ಹೆಂಚಿನ ಮೇಲೆ ಎಸೆಸಿದಳು. ಅಪ್ಪ "ಅಮ್ಮಿಗೆ ಎರಡಲ್ಲಾಯ್ತು" ಎಂದು ಇಸ್ಕೂಲಿಗೆ ಕರೆದುಕೊಂಡು ಹೋದ. ಮೇಷ್ಟ್ರು ವಯಸ್ಸು ಕೇಳಿದರೆ ನನ್ನ ತುಟಿ ಮಡಚಿ ತೋರಿಸಿದ. "ಇದೇನು ಸಂತೇನಯ್ಯ?" ಎಂದು ಮೇಷ್ಟ್ರು ಗದರಿದರು. ಗದರಿ, ಆರು ಎಂದು ಬರೆದುಕೊಂಡರು. ಅದೇ ವರ್ಷ ನನಗೆ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬಂತು. ಅಲ್ಲಿ ಯಾವ ಹಾಲುಹಲ್ಲೂ ಬಿದ್ದಿರಲಿಲ್ಲ. "ಹಳೇದು ಬೀಳ್ದೆ ಇದೆಲ್ಲಿಂದ ಬಂತಮ್ಮಿ?" ಎಂದು ಅಪ್ಪ ಎಷ್ಟೋ ದಿನ ಅದನ್ನೇ ನೋಡಿದ. ಎತ್ತಿನ ಹಿಂದವಡೆಯನ್ನು ಯಾರು ನೋಡುತ್ತಾರೆ?

ದೊಡ್ಡವಳಾದ ಮೇಲೆ ಕಣೇಕಲ್ಲಿನ ಕಡೆಯಿಂದ ಗಂಡು ಬಂತು. ಅಲ್ಲಿ ಕೆರೆ, ಕಾಲುವೆ, ಭತ್ತ. ನಮ್ಮಲ್ಲಿ ಮೂರು ಹೊತ್ತೂ ಮುದ್ದೆ, ಅನ್ನ ಹಬ್ಬಕ್ಕೆ. ಗಂಡನ್ನು ನಾನು ಸರಿಯಾಗಿ ನೋಡಲೂ ಇಲ್ಲ, ಕಿವಿ ಅಗಲ ಎನ್ನುವುದಷ್ಟೇ ಕಂಡಿದ್ದು. ದಿನಾ ಅನ್ನ ಉಣ್ಣುವ ಮನೆಗೆ ಹೋಗಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಗಂಡಿನ ಅಪ್ಪ ವಯಸ್ಸು ಕೇಳಿದ. ಹದಿನೇಳು ಕಳೆಯಿತು ಎಂದಳು ಅವ್ವ. ಅಪ್ಪ ಎದ್ದು ಕೈ ತೊಳೆದುಕೊಂಡು ಬಂದು, ಎಲ್ಲರೆದುರಿಗೆ ನನ್ನ ಬಾಯಿಗೆ ಹೆಬ್ಬೆರಳು ಹಾಕಿ ಹಿಂದಿನ ವಸಡು ಒತ್ತಿ ನೋಡಿದ. "ಇನ್ನೂ ಬಾಯಿಗೂಡಿಲ್ಲ ಸ್ವಾಮಿ. ಮುಂದಿನ ವರ್ಷ ಬನ್ನಿ" ಎಂದ.

ಅವನಿಗೆ ತನ್ನ ಬಾಯಿಯೇ ಅಳತೆ. ಕೊನೆಯ ದವಡೆ ಹಲ್ಲುಗಳು ಅವನಿಗೆ ನಾಲ್ಕೂ ಬಂದಿದ್ದವು. ಎಲ್ಲರಿಗೂ ಬಂದೇ ಬರುತ್ತವೆ, ಬರುವ ತನಕ ಮೈ ಎಳೆಯದು ಎಂದು ನಂಬಿದ್ದ. ಬರೀ ಹಟವಲ್ಲ ಅದು. ಅವನ ಅಕ್ಕನನ್ನು ತೀರ ಎಳೆಯ ವಯಸ್ಸಿಗೆ ಕೊಟ್ಟಿದ್ದರು. ಮೊದಲ ಹೆರಿಗೆಯಲ್ಲೇ ಸತ್ತಳು. ಇದನ್ನು ಅವ್ವ ಹೇಳಿದ್ದು, ಅಪ್ಪ ಒಂದು ದಿನವೂ ಹೇಳಲಿಲ್ಲ. ಎರಡಲ್ಲಿನ ಹೋರಿಗೆ ಭಾರದ ನೊಗ ಕಟ್ಟುವವರನ್ನು ಕಂಡರೆ ಮಾತ್ರ ಸಂತೆಯಲ್ಲೇ ಜಗಳಕ್ಕೆ ಬೀಳುತ್ತಿದ್ದ.

ನಾನು ಹಲ್ಲಿಗೆ ಕಾದೆ. ಬೆಳಿಗ್ಗೆ ಬೇವಿನ ಕಡ್ಡಿ ಉಗಿದ ಮೇಲೆ ಬೆರಳು ಹಾಕಿ ನೋಡುವುದು. ವಸಡು ಹಿಮ್ಮಡಿಯ ಹಾಗೆ ಗಟ್ಟಿ. ಹುರಿದ ಹುರುಳಿಕಾಳು ಅಲ್ಲಿಟ್ಟು ಕಚ್ಚಿದೆ, ಉಪ್ಪು ತಿಕ್ಕಿದೆ. ಬಾವಿಯ ಹತ್ತಿರ ಹೆಂಗಸರಿಗೆ ಅದೇ ತಮಾಷೆ.

"ಏನಮ್ಮಿ, ಮೊಳೀತಾ?"

"ಒಂದು ಕೊಡ ನೀರು ಹುಯ್ಯಿ, ಮೊಳೀತೈತೆ."

ಚಿಕ್ಕಪ್ಪನ ಮಗಳು ನನಗಿಂತ ಚಿಕ್ಕವಳು. ಅವಳಿಗೆ ಆ ಹಲ್ಲು ಬಂದೇಬಿಟ್ಟಿತು. ಕೆನ್ನೆ ಬನ್ನಿನ ಹಾಗೆ ಊದಿ, ಲವಂಗ ಕಚ್ಚಿಕೊಂಡು ಅಳುತ್ತಾ ಕೂತಿದ್ದಳು. ಆ ಊದಿದ ಕೆನ್ನೆ ಕಂಡು ನನಗೆ ಹೊಟ್ಟೆ ಉರಿಯಿತು.

ಮರುವರ್ಷ ಗಂಡಿನ ಕಡೆಯ ಗಂಡಸರು ಮತ್ತೆ ಬಂದರು, ಅಪ್ಪ ಮತ್ತೆ ಬೆರಳು ಹಾಕಿ ಇಲ್ಲ ಎಂದ. "ಇನ್ನ ಕಾಯಾಕ ಆಗಂಗಿಲ್ರಿ, ಬಳ್ಳಾರಿ ಕಡೆ ಒಂದು ಹೆಣ್ಣೈತಿ" ಎಂದು ಹೇಳಿ ಹೋದರು. ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಮುದ್ದೆ ತಟ್ಟೆಗೆ ಹಾಕಿ ಕಾಲಲ್ಲಿ ತಳ್ಳುವುದೊಂದು ಬಾಕಿ. ಬಳ್ಳಾರಿ ಕಡೆಯ ಆ ಹುಡುಗಿ ಅನ್ನ ಉಣ್ಣುವುದನ್ನು ನೆನೆದು ನಾನು ಮುದ್ದೆ ನುಂಗಿದೆ.

ಬಳ್ಳಾರಿ ಕಡೆಯ ಸಂಬಂಧ ಕೂಡಿಬರಲಿಲ್ಲವಂತೆ. ಅದರ ಮುಂದಿನ ವರ್ಷ ಗಂಡಿನ ತಾಯಿಯೇ ಬಸ್ಸು ಬದಲಿಸಿಕೊಂಡು ಬಂದಳು. ಕಪ್ಪಗೆ, ಗಟ್ಟಿಮುಟ್ಟು. ಜಗಲಿಯ ಮೇಲೆ ಕೂತು ಕೊಟ್ಟ ನೀರನ್ನೂ ಕುಡಿಯಲಿಲ್ಲ.

"ಎಲ್ಲೈತ್ರಿ ಆ ಹಲ್ಲು?"

"ಬಂದಿಲ್ಲ ಕಣಮ್ಮ. ಬಂದೇಟಿಗೆ ಕೊಡ್ತೀನಿ."

"ಯಾರಿಗೆ ಬಂದಾವ್ರಿ? ನನ್ನ ಬಾಯಿ ನೋಡ್ರಿ." ಬಾಯಿ ತೆರೆದು ತಾನೇ ಕೆನ್ನೆ ಎಳೆದು ಹಿಡಿದಳು. ಅಪ್ಪ ತಲೆ ತಗ್ಗಿಸಿದ.

"ಯಾಕ್ರಿ ಬೀಗರ, ಎತ್ತಿನ ಬಾಯಿಗೆ ಅಂಜಂಗಿಲ್ಲ, ನನ್ನ ಬಾಯಿಗೆ ಅಂಜ್ತೀರಿ? ನಾ ಕಡಿಯಂಗಿಲ್ಲ, ನೋಡ್ರಿ!"

ಅಪ್ಪ ಬಗ್ಗಿ ನೋಡಿದ. ಬಿಸಿಲಿನ ಕಡೆಗೆ ತಿರುಗಿಸಿ ಇನ್ನೊಂದು ಸಲ ನೋಡಿದ.

"ಕೀಳ್ಸಿದ್ದಾ?"

"ಬಂದಿದ್ರ ಕೀಳ್ಸಬೇಕಲ್ರಿ. ಆರು ಹಡದೀನಿ. ದಿನಾ ಗದ್ದೆ ಕೆಲಸ ಮಾಡ್ತೀನಿ. ನಾ ಇನ್ನ ಕರ ಏನ್ರಿ?"

ಅವ್ವ ಬಾಗಿಲ ಹಿಂದೆ ಕಿಸಕ್ಕೆಂದಳು. ಅಪ್ಪ ತಿರುಗಿ "ಬಾರೆ ಇಲ್ಲಿ, ನಿಂದೂ ನೋಡಾನ" ಎಂದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಡಿದಳು. ಬೀಗಿತ್ತಿ ಹೋಗಿ ಹಿಡಿದುಕೊಂಡು ಬಂದಳು. ನೋಡಿದರೆ ಅವ್ವನಿಗೆ ಮೇಲೆ ಎರಡಿದ್ದವು, ಕೆಳಗೆ ಒಂದೂ ಇಲ್ಲ. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಬಾಯನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ.

ಅವನು ಕಂಬಕ್ಕೆ ಒರಗಿ ಕೂತ. ಆಮೇಲೆ ನನ್ನನ್ನು ಕರೆದ. ಬೆರಳು ಹಾಕುತ್ತಾನೆಂದು ನಾನು ಬಾಯಿ ತೆರೆದೆ.

"ಬಾಯಿ ಮುಚ್ಚಮ್ಮಿ. ಹೋಗ್ತೀಯಾ?"

ಅಲ್ಲಿಯ ತನಕ ನನ್ನನ್ನು ಯಾರೂ ಕೇಳಿರಲಿಲ್ಲ. ಹೋಗ್ತೀನಿ ಎಂದೆ.

"ಭಾರ ಅನ್ನಿಸಿದ್ರೆ ಬಂದ್ಬಿಡು."

"ಒಳ್ಳೆ ಹೊತ್ನಾಗೆ ಇಂಥ ಮಾತಾ?" ಎಂದು ಅವ್ವ ಸಿಡುಕಿದಳು. ಒಂದು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಉದ್ದನೆಯ ಮಾತು ಅದೇ ಇರಬೇಕು. ಬೀಗಿತ್ತಿ ನೀರಿನ ಚೊಂಬು ಎತ್ತಿ ಗಟಗಟ ಕುಡಿದಳು.

ಮೊದಲ ಹೆರಿಗೆಗೆ ತವರಿಗೆ ಬಂದೆ. ಬೆಳಗಿನಿಂದ ನೋವು. ಅಪ್ಪ ಸಂತೆಗೆ ಹೋಗದೆ ಕೊಟ್ಟಿಗೆಯಲ್ಲಿ ಕೂತಿದ್ದ, ಊಟಕ್ಕೂ ಬರಲಿಲ್ಲ. ಮಧ್ಯಾಹ್ನ ಮಗು ಅತ್ತ ಸದ್ದು ಕೇಳಿ ಬಾಗಿಲ ಹೊರಗೆ ಬಂದು ನಿಂತ.

"ಅಮ್ಮಿ ಹೆಂಗವ್ಳೆ?"

"ಗುಂಡುಕಲ್ಲಂಗವ್ಳೆ. ಕಾಫಿ ಕೇಳ್ತಾವ್ಳೆ" ಎಂದಳು ಸೂಲಗಿತ್ತಿ.

ಅವನು ತಿರುಗಿ ಎತ್ತುಗಳಿಗೆ ನೀರು ತೋರಿಸಲು ಹೋದ. ಗಂಡೋ ಹೆಣ್ಣೋ ಎಂದು ಕೇಳಿದ್ದು ಮಾರನೆಯ ದಿನ.